ಪ್ಯಾಚ್ ಟೆಸ್ಟ್‌ನಲ್ಲಿ ಸುಗಂಧಕ್ಕೆ ಅಲರ್ಜಿ ಅಂತ ಬಂತು, ಎಲ್ಲ ಬಿಟ್ಟರೂ ಇಸುಬು ಹೋಗಿಲ್ಲ. ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಅತ್ತಿಗೆಗೆ ಕುತ್ತಿಗೆಯಲ್ಲಿ, ಮೊಣಕೈ ಮಡಿಕೆಯಲ್ಲಿ ಇಸುಬು. ಪ್ಯಾಚ್ ಟೆಸ್ಟ್ (ಅಲರ್ಜಿ ತರಬಹುದಾದ ವಸ್ತುಗಳನ್ನು ಪಟ್ಟಿಯಲ್ಲಿ ಚರ್ಮಕ್ಕೆ ಅಂಟಿಸಿ ನೋಡುವುದು) ಮಾಡಿಸಿದಾಗ ‘ಫ್ರೇಗ್ರೆನ್ಸ್ ಮಿಕ್ಸ್ 1’ ಎಂಬ ಪರಿಮಳಗಳ ಮಿಶ್ರಣಕ್ಕೆ ಒಂದು ಪ್ಲಸ್, ಅಂದರೆ ಸೌಮ್ಯ ಪ್ರತಿಕ್ರಿಯೆ, ಬಂತು. ಅಂದಿನಿಂದ ಸೆಂಟು, ಪೌಡರು, ಘಮಘಮ ಸೋಪು ಎಲ್ಲ ಬಂದ್. ಮುಲಾಮು ಮಾತ್ರ ತಪ್ಪದೆ ಹಚ್ಚುತ್ತಾರೆ. ತುರಿಕೆ ನಿಂತಿಲ್ಲ. ಇನ್ನೇನು ಬಿಡಬೇಕು?

ಉತ್ತರ: ಸದ್ಯಕ್ಕೆ ಹೊಸದಾಗಿ ಏನನ್ನೂ ಬಿಡಿಸಬೇಡಿ. ಆ ಪ್ಲಸ್ ಯಾವುದಕ್ಕೆ ಬಂದಿದ್ದು ಅನ್ನುವುದೇ ಮೊದಲ ಪ್ರಶ್ನೆ. ಆ ಮಿಕ್ಸ್‌ನಲ್ಲಿ ಎಂಟು ಪರಿಮಳ ವಸ್ತುಗಳಿವೆ, ತಲಾ ಶೇ. 1ರಂತೆ. ಲವಂಗದಲ್ಲಿರುವ ಯೂಜಿನಾಲ್, ದಾಲ್ಚಿನ್ನಿಯ ಸಿನಮಾಲ್, ಗುಲಾಬಿಯಲ್ಲಿ ಸಿಗುವ ಜೆರಾನಿಯಾಲ್, ಕಲ್ಲುಹೂವಿನ ಸಂಬಂಧಿಯಾದ ಓಕ್‌ಮಾಸ್, ಹೀಗೆ. ಟೆಸ್ಟ್‌ಗೆ ಇವನ್ನು ವ್ಯಾಸಲಿನ್‌ನಲ್ಲಿ ಹಾಕುತ್ತಾರೆ, ಆದರೆ ತಾವಾಗಿ ಸಮನಾಗಿ ಬೆರೆಯುವುದಿಲ್ಲ. ಬೆರೆಸಲೆಂದು ಸಾರ್ಬಿಟಾನ್ ಸೆಸ್ಕ್ವಿಯೋಲಿಯೇಟ್ ಎಂಬ ಎಮಲ್ಸಿಫೈಯರನ್ನು ಶೇ. 5ರಷ್ಟು ಹಾಕುತ್ತಾರೆ. ಕೆಲವರ ಚರ್ಮಕ್ಕೆ ಆಗದಿರುವುದು ಅದೇ!

ನನ್ನದು ಇದೇ ಕಥೆ. ಡಾಕ್ಟರು ಎಮಲ್ಸಿಫೈಯರನ್ನೇ ಪ್ರತ್ಯೇಕವಾಗಿ (ವ್ಯಾಸಲಿನ್‌ನಲ್ಲಿ ಶೇ. 20) ಅಂಟಿಸಿದರು. ಅಲ್ಲಿ ಕೆಂಪಾಗಿ ಉಬ್ಬಿತು, ಅದಿಲ್ಲದೆ ಹಾಕಿದ ಬಿಡಿ ಪರಿಮಳಗಳ ಜಾಗದಲ್ಲಿ ಏನೂ ಇಲ್ಲ. ಬಿಡಿ ಪರಿಮಳಗಳಿಗೂ ಕೆಲವೊಮ್ಮೆ ಇದನ್ನೇ ಬೆರೆಸಿರುತ್ತಾರೆ, ಆದ್ದರಿಂದ ಬೆರೆಸಿದ್ದಾರೋ ಇಲ್ಲವೋ ಕೇಳಿಕೊಳ್ಳಿ. ಮುಖ್ಯವಾದ ಮಾತು: ಇಸುಬಿಗೆ ಕೊಡುವ ಕೆಲವು ಸ್ಟೀರಾಯ್ಡ್ ಮುಲಾಮುಗಳಲ್ಲೂ ಸಾರ್ಬಿಟಾನ್ ಜಾತಿಯ ಎಮಲ್ಸಿಫೈಯರ್ ಇರುತ್ತದೆ. ಅತ್ತಿಗೆಯವರು ಹಚ್ಚುತ್ತಿರುವ ಟ್ಯೂಬುಗಳನ್ನೆಲ್ಲ ಡಾಕ್ಟರ ಮುಂದೆ ಇಡಿ. ನೀವಾಗಿಯೇ ಮುಲಾಮು ನಿಲ್ಲಿಸಬೇಡಿ.

ಇನ್ನೊಬ್ಬರ ಉತ್ತರ: ಮೇಲಿನವರು ಹೇಳಿದ್ದು ಸರಿ, ಆದರೆ ಎಮಲ್ಸಿಫೈಯರ್ ಇದ್ದರೆ ಟೆಸ್ಟೇ ಸುಳ್ಳು ಅಂದುಕೊಳ್ಳಬೇಡಿ. ಅದು ಇರುವುದರಿಂದಲೇ ಪರಿಮಳ ಚರ್ಮಕ್ಕೆ ಚೆನ್ನಾಗಿ ತಾಗಿ, ಅಡಗಿದ್ದ ಅಲರ್ಜಿಯೂ ಸಿಗುತ್ತದೆ. ನನಗೆ ಬಿಡಿಬಿಡಿಯಾಗಿ ನೋಡಿದಾಗ ಆ ಎಂಟರಲ್ಲಿ ಒಂದಾದ ಐಸೋಯೂಜಿನಾಲ್ ಸಿಕ್ಕಿತು, ಎಮಲ್ಸಿಫೈಯರ್ ನಿರ್ದೋಷಿ. ಇನ್ನೊಂದು ಸಾಧ್ಯತೆಯೂ ಇದೆ: ಒಂದು ಪ್ಲಸ್ ಅಲರ್ಜಿಯಿಂದಲ್ಲ, ವಸ್ತು ಚರ್ಮವನ್ನು ಕೆರಳಿಸಿದ ಬರೀ ಉರಿಯಿಂದ ಆದದ್ದಾಗಿರಬಹುದು. ಪಟ್ಟಿ ತೆಗೆದ ದಿನ, ಅಂದರೆ 48 ಗಂಟೆಗೆ ಕೆಂಪಾಗಿದ್ದು 96 ಗಂಟೆಗೆ ಮಾಸಿದ್ದರೆ ಆ ಅನುಮಾನ ಹೆಚ್ಚು. 96 ಗಂಟೆಗೆ ಡಾಕ್ಟರು ಮತ್ತೆ ನೋಡುವ ಎರಡನೇ ಓದು ಆಗಿತ್ತೇ?

ಮತ್ತೊಬ್ಬರು: ಮನೆಯಲ್ಲಿ ಊದುಬತ್ತಿ ಹಚ್ಚುತ್ತೀರಾ? ಅತ್ತಿಗೆಯವರ ಅಲರ್ಜಿ ನಿಜಕ್ಕೂ ಸುಗಂಧದ್ದೇ ಆದರೆ ಸೋಪು ಬಿಟ್ಟಷ್ಟಕ್ಕೆ ಮುಗಿಯುವುದಿಲ್ಲ, ಗಾಳಿಯಲ್ಲಿ ಬರುವುದೂ ಕುತ್ತಿಗೆಗೆ ತಾಗುತ್ತದೆ. ‘ಅನ್‌ಸೆಂಟೆಡ್’ ಅಂತ ಬರೆದದ್ದನ್ನೂ ನಂಬಬೇಡಿ. ವಾಸನೆ ಮುಚ್ಚಲು ಅದಕ್ಕೂ ಪರಿಮಳ ಹಾಕಿರಬಹುದು. ಲೇಬಲ್‌ನಲ್ಲಿ ‘ಪರ್ಫ್ಯೂಮ್’ ಅಥವಾ ‘ಫ್ರೇಗ್ರೆನ್ಸ್’ ಇದೆಯೇ ನೋಡಿ.

ಪ್ರಶ್ನೆ ಕೇಳಿದವರು: 96 ಗಂಟೆಯ ಓದು ಆಗಿಲ್ಲ, ಊರಿಗೆ ಹೋಗಬೇಕಿತ್ತು ಅಂತ ಬಿಟ್ಟಿದ್ದರಂತೆ. ಟ್ಯೂಬುಗಳನ್ನು ಒಂದು ಚೀಲಕ್ಕೆ ಹಾಕಿಟ್ಟಿದ್ದೇನೆ. ಸೋಮವಾರ ಕರೆದುಕೊಂಡು ಹೋಗಿ ಎಮಲ್ಸಿಫೈಯರಿನದ್ದೂ ಸೇರಿಸಿ ಮತ್ತೆ ಟೆಸ್ಟ್ ಮಾಡಿ ಅಂತ ಕೇಳುತ್ತೇನೆ.