ಡಿಬಗರ್ ಇಲ್ಲದ ಜಾಗದಲ್ಲಿ ಫರ್ಮ್‌ವೇರ್ ಕ್ರ್ಯಾಶ್: ಕಾರಣ ಹಿಡಿಯುವುದು ಹೇಗೆ?

ಪ್ರಶ್ನೆ: ಎಸ್‌ಟಿಎಂ32ಎಫ್4 ಮೈಕ್ರೋಕಂಟ್ರೋಲರ್ ಬೋರ್ಡ್, ಸಿ ಭಾಷೆ, ನ್ಯೂಲಿಬ್ (ಸಿ ಲೈಬ್ರರಿ). ಅಸರ್ಟ್ (ಕೋಡ್‌ನಲ್ಲಿಟ್ಟ ಷರತ್ತಿನ ತಪಾಸಣೆ) ಫೇಲ್ ಆದರೆ ಬೋರ್ಡ್ ನಿಂತುಬಿಡುತ್ತದೆ, ಮೋಟಾರ್ ಮಾತ್ರ ತಿರುಗುತ್ತಲೇ ಇರುತ್ತದೆ. ಏನು ಮಾಡಬೇಕು? ಅನುಭವ ಇದ್ದವರು ತಿಳಿಸಿ.

ಉತ್ತರ 1: ಅಸರ್ಟ್ ಫೇಲ್ ಆದರೆ ಪ್ರೋಗ್ರಾಂ ನಿಲ್ಲಿಸುವ ಅಬಾರ್ಟ್ ಫಂಕ್ಷನ್‌ಗೆ ಹೋಗುತ್ತದೆ, ಅಬಾರ್ಟ್ ಎಕ್ಸಿಟ್ ಸ್ಟಬ್‌ಗೆ (ಲೈಬ್ರರಿಗೆ ಬೇಕೆಂದು ಬೋರ್ಡ್ ಕೋಡ್‌ನಲ್ಲಿಟ್ಟ ಪುಟ್ಟ ಫಂಕ್ಷನ್). ಆ ಸ್ಟಬ್ ಸಾಮಾನ್ಯವಾಗಿ ಬರೀ ಅನಂತ ಲೂಪ್. ಟೈಮರ್ ಹಾರ್ಡ್‌ವೇರ್ ಆದ್ದರಿಂದ ಸಿಪಿಯು ಸಿಕ್ಕಿಕೊಂಡರೂ ಪಿಡಬ್ಲ್ಯುಎಂ (ಮೋಟಾರ್ ನಡೆಸುವ ಪಲ್ಸ್ ಸಂಕೇತ) ನಿಲ್ಲುವುದಿಲ್ಲ. ಒಂದೇ ಪ್ಯಾನಿಕ್ ಫಂಕ್ಷನ್ ಬರೆದು ಅಸರ್ಟ್, ಎಕ್ಸಿಟ್, ಹಾರ್ಡ್‌ಫಾಲ್ಟ್ (ಸಿಪಿಯು ತಾನೇ ಹಿಡಿಯುವ ಗಂಭೀರ ದೋಷ) ಮೂರನ್ನೂ ಅಲ್ಲಿಗೇ ತನ್ನಿ. ಮೊದಲು ಇಂಟರಪ್ಟ್ ಬಂದ್, ಆಮೇಲೆ ಮೋಟಾರ್ ಬಂದ್, ಆಮೇಲೆ ಕ್ರ್ಯಾಶ್‌ನ ದಾಖಲೆ, ಕೊನೆಗೆ ಸಿಸ್ಟಮ್ ರೀಸೆಟ್. ಅದರೊಳಗೆ ಪ್ರಿಂಟ್‌ಎಫ್, ಮ್ಯಾಲಾಕ್ ಖಂಡಿತ ಬೇಡ. ಹೀಪ್ (ಮ್ಯಾಲಾಕ್ ಬಳಸುವ ಮೆಮೊರಿ) ಆಗಲೇ ಕೆಟ್ಟಿರಬಹುದು. ರಿಜಿಸ್ಟರ್‌ಗೆ ನೇರವಾಗಿ ಬರೆಯಿರಿ. ರೀಸೆಟ್ ಹೊತ್ತಿಗೆ ಪಿನ್‌ಗಳು ತೇಲುತ್ತವೆ (ಖಚಿತ ಮಟ್ಟ ಇರುವುದಿಲ್ಲ), ಹಾಗಾಗಿ ಗೇಟ್ ಡ್ರೈವರ್ (ಮೋಟಾರ್‌ನ ಸ್ವಿಚ್‌ಗಳನ್ನು ನಡೆಸುವ ಚಿಪ್) ಇನ್‌ಪುಟ್‌ಗೆ ಅದನ್ನು ಲೋ ಇಡುವ 10 ಕಿಲೋಓಮ್ ಪುಲ್‌ಡೌನ್ ರೆಸಿಸ್ಟರ್ ಇರಲೇಬೇಕು. ಇದನ್ನು ಸಾಫ್ಟ್‌ವೇರ್‌ನಲ್ಲಿ ಸರಿಪಡಿಸಲಾಗದು.

ಉತ್ತರ 2: ದಾಖಲೆಗೆ ರ‍್ಯಾಮ್‌ನಲ್ಲೇ ನೋಇನಿಟ್ ಸೆಕ್ಷನ್ (ಸ್ಟಾರ್ಟಪ್ ಕೋಡ್ ಮುಟ್ಟದ ಭಾಗ) ಮಾಡಿ, ಲಿಂಕರ್ ಸ್ಕ್ರಿಪ್ಟ್‌ನಲ್ಲಿ ನೋಲೋಡ್ ಎಂದು ಗುರುತಿಸಿ. ಬಿಎಸ್ಎಸ್ (ಆರಂಭಿಕ ಬೆಲೆ ಇಲ್ಲದ ವೇರಿಯಬಲ್‌ಗಳ ಭಾಗ) ಒಳಗಿಟ್ಟರೆ ಸ್ಟಾರ್ಟಪ್ ಕೋಡ್ ಸೊನ್ನೆ ಮಾಡಿಬಿಡುತ್ತದೆ. ಪವರ್ ಆನ್ ಆದಾಗ ಅಲ್ಲಿ ಕಸ ಇರುತ್ತದೆ, ಆದ್ದರಿಂದ ಗುರುತಿನ ಸಂಖ್ಯೆ ಮತ್ತು ಸಿಆರ್‌ಸಿ (ದಾಖಲೆ ಕೆಟ್ಟಿಲ್ಲವೆಂದು ಪರೀಕ್ಷಿಸುವ ಲೆಕ್ಕ) ಎರಡೂ ಹೊಂದಿದರೆ ಮಾತ್ರ ನಂಬಿ. ಫ್ಲ್ಯಾಶ್‌ಗೆ ಬರೆಯುವುದು ಮುಂದಿನ ಬೂಟ್‌ನಲ್ಲಿ.

ಹಾರ್ಡ್‌ಫಾಲ್ಟ್ ಆದಾಗ ಕಾರ್ಟೆಕ್ಸ್-ಎಂ (ಈ ಚಿಪ್‌ನ ಸಿಪಿಯು) ತಾನೇ 8 ವರ್ಡ್ ಸ್ಟ್ಯಾಕ್‌ಗೆ ತಳ್ಳುತ್ತದೆ. ಸೊನ್ನೆಯಿಂದ ಎಣಿಸಿದರೆ 5ನೆಯದು ಎಲ್‌ಆರ್ (ಹಿಂತಿರುಗುವ ವಿಳಾಸ), 6ನೆಯದು ಪಿಸಿ (ದೋಷ ಆದಾಗಿನ ಇನ್‌ಸ್ಟ್ರಕ್ಷನ್‌ನ ವಿಳಾಸ). ಯಾವ ಸ್ಟ್ಯಾಕ್ ಎಂದು ತಿಳಿಯಲು ಹ್ಯಾಂಡ್ಲರ್ ಒಳಗಿನ ಎಲ್‌ಆರ್‌ನ ಬಿಟ್ 2 ನೋಡಿ: 0 ಇದ್ದರೆ ಎಂಎಸ್‌ಪಿ (ಮುಖ್ಯ ಸ್ಟ್ಯಾಕ್), 1 ಇದ್ದರೆ ಪಿಎಸ್‌ಪಿ (ಪ್ರೋಸೆಸ್ ಸ್ಟ್ಯಾಕ್). ಜೊತೆಗೆ ಸಿಎಫ್‌ಎಸ್‌ಆರ್ (ದೋಷದ ಬಗೆ ಹೇಳುವ ರಿಜಿಸ್ಟರ್) ಉಳಿಸಿ. ಪಿಸಿಯನ್ನು ಆಡ್ರ್2ಲೈನ್‌ (ವಿಳಾಸದಿಂದ ಕೋಡ್‌ನ ಸಾಲು ಹುಡುಕುವ ಟೂಲ್) ಗೆ ಕೊಟ್ಟರೆ ಸಾಲಿನ ಸಂಖ್ಯೆ ಸಿಗುತ್ತದೆ. ಬಿಡುಗಡೆ ಮಾಡಿದ ಪ್ರತಿ ಬಿಲ್ಡ್‌ನ ಎಲ್ಫ್ ಫೈಲ್ (ಈ ಹುಡುಕಾಟಕ್ಕೆ ಬೇಕಾದ ಡಿಬಗ್ ಮಾಹಿತಿ ಇರುವ ಬಿಲ್ಡ್ ಫೈಲ್) ಜೋಪಾನ.

ಪ್ರಶ್ನೆ ಕೇಳಿದವರು: ಪಿಸಿ ಸಿಕ್ಕಿತು ಸರ್, ಆದರೆ ಅದು ತೋರಿಸುವ ಸಾಲಿನಲ್ಲಿ ತಪ್ಪೇ ಇಲ್ಲ.

ಉತ್ತರ 2: ಸಿಎಫ್‌ಎಸ್‌ಆರ್‌ನಲ್ಲಿ ಇಂಪ್ರಿಸೈಸ್ ಬಿಟ್ (ದೋಷದ ಜಾಗ ನಿಖರವಲ್ಲ ಎಂಬ ಗುರುತು) ಎದ್ದಿದೆಯೇ ನೋಡಿ. ರೈಟ್ ಬಫರ್‌ (ಮೆಮೊರಿಗೆ ಬರೆಯುವುದನ್ನು ಸ್ವಲ್ಪ ತಡೆದಿಡುವ ಜಾಗ) ನಿಂದಾಗಿ ತಪ್ಪು ಬರಹ ಕೆಲವು ಇನ್‌ಸ್ಟ್ರಕ್ಷನ್ ಕಳೆದ ಮೇಲೆ ಬೆಳಕಿಗೆ ಬರುತ್ತದೆ. ಪರೀಕ್ಷೆಯ ಬಿಲ್ಡ್‌ನಲ್ಲಿ ಎಸಿಟಿಎಲ್‌ಆರ್ ಎಂಬ ಸಿಪಿಯು ನಿಯಂತ್ರಣ ರಿಜಿಸ್ಟರ್‌ನ ಬಿಟ್ 1 ಹಾಕಿ ಬಫರ್ ನಿಲ್ಲಿಸಿದರೆ ನಿಜವಾದ ಸಾಲೇ ಸಿಗುತ್ತದೆ. ವೇಗ ಸ್ವಲ್ಪ ಇಳಿಯುತ್ತದೆ.

ಉತ್ತರ 3: ವಾಚ್‌ಡಾಗ್ (ಆಗಾಗ ರಿಫ್ರೆಶ್ ಮಾಡದಿದ್ದರೆ ಚಿಪ್ ರೀಸೆಟ್ ಮಾಡುವ ಟೈಮರ್) ರಿಫ್ರೆಶ್ ಟೈಮರ್ ಇಂಟರಪ್ಟ್‌ನಲ್ಲಿದ್ದರೆ ಇವತ್ತೇ ತೆಗೆಯಿರಿ. ಮುಖ್ಯ ಲೂಪ್ ಸತ್ತರೂ ಇಂಟರಪ್ಟ್ ಬದುಕಿರುತ್ತದೆ. ಇನ್ನೊಂದು: ಎಫ್4ನಲ್ಲಿ ಒಳಗಿನ ರೀಸೆಟ್ ಆದರೂ ರೀಸೆಟ್ ಕಾರಣ ಹೇಳುವ ರಿಜಿಸ್ಟರ್‌ನಲ್ಲಿ ಪಿನ್ ರೀಸೆಟ್ ಬಿಟ್ ಏಳುತ್ತದೆ. ವಾಚ್‌ಡಾಗ್, ಸಾಫ್ಟ್‌ವೇರ್ ಬಿಟ್‌ಗಳನ್ನು ಮೊದಲು ಓದಿ, ಪಿನ್ ಬಿಟ್ ಕೊನೆಗೆ. ಓದಿದ ಮೇಲೆ ಆರ್‌ಎಂವಿಎಫ್ (ಈ ಗುರುತುಗಳನ್ನು ಅಳಿಸುವ ಬಿಟ್) ಹಾಕಿ ಅಳಿಸಿ, ಇಲ್ಲದಿದ್ದರೆ ಹಳೆಯ ಕಾರಣವೇ ಮತ್ತೆ ಕಾಣುತ್ತದೆ.