ಇನ್ನೂ ಕರೆಂಟ್ ಬಂದಿಲ್ಲ, ಯಾರಾದ್ರೂ ಎಚ್ಚರ ಇದ್ದೀರಾ?

ಬಾವಿಕಟ್ಟೆ ಮನೆ, 5:12: ರಾತ್ರಿ ಹನ್ನೊಂದಕ್ಕೆ ಹೋದದ್ದು. ಅಮ್ಮನಿಗೆ ನೆಬ್ಯುಲೈಸರ್ ಕೊಡ್ಲಿಕ್ಕೆ ಕಾರು ಸ್ಟಾರ್ಟ್ ಮಾಡಿ ಕೂತದ್ದು ನಾನು. ಕರೆಂಟ್ ಆಫೀಸಿಗೆ ಫೋನ್ ಮಾಡಿದ್ರೆ ರಿಸೀವರ್ ಎತ್ತಿ ಬದಿಗಿಟ್ಟಿದ್ದಾರೆ. ಇವತ್ತಾದ್ರೂ ಅವರಿಗೆ ಕೊಡುವ ಅರ್ಜಿಗೆ ಸಹಿ ಹಾಕ್ತೀರಾ ಇಲ್ವಾ?

ಕೊನೆಮನೆ: 👍

ಮೇಲಿನಮನೆ ಶೆಟ್ರು: ಸಹಿಯಿಂದ ಎಂತ ಆಗ್ತದೆ? ಕೇರಳಕ್ಕೆ ಹೆಚ್ಚಿನ ಕರೆಂಟ್ ಬರುವುದೇ ಹೊರಗಿನಿಂದ. ಅದಕ್ಕೇ ಸರ್ಕಾರ ಅಣುಸ್ಥಾವರ, ಚವರದ ಕಡಲಮರಳಿನ ಥೋರಿಯಂ ಇಂಧನ ಅಂತ ಹೊರಟದ್ದು. 2024ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಮನೋಹರ್ ಲಾಲ್ ಬಂದಾಗ ಸ್ಥಾವರಕ್ಕೆ ಚೀಮೇನಿ ಹೆಸರೇ ಹೇಳಿದ್ದು. ನಮ್ಮದೇ ಕಾಸರಗೋಡು ಜಿಲ್ಲೆ! ನಿಮಗೆ ವಿರೋಧ ಮಾತ್ರ ಗೊತ್ತು.

ಟೀಚರ್: ವಿರೋಧ ಯಾಕೆ ಅಂತ ಪಡ್ರೆಗೆ ಹೋಗಿ ಕೇಳಿ. ಅಲ್ಲಿಯ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ಏನೂ ಆಗುವುದಿಲ್ಲ ಅಂದದ್ದೇ.

ಶೆಟ್ರು: ಗೇರುತೋಟಕ್ಕೂ ರಿಯಾಕ್ಟರಿಗೂ ಎಂತ ಸಂಬಂಧ ಮಾರಾಯ್ರೆ? ನನ್ನ ಭಾವ ಕೈಗಾ ಅಣುಸ್ಥಾವರದಲ್ಲಿ ಇದ್ದವ. 220 ಮೆಗಾವ್ಯಾಟಿನ 4 ಯೂನಿಟ್. ಒಂದನೇದು 962 ದಿನ ನಿಲ್ಲದೆ ಓಡಿದೆ.

ರಿಕ್ಷಾ ಅಣ್ಣ: ನಮ್ಮ ಟ್ರಾನ್ಸ್‌ಫಾರ್ಮರ್ 2 ದಿನ ಓಡಿದ್ರೆ ಪಾಯಸ ನನ್ನ ಲೆಕ್ಕ 😂

ಟೀಚರ್: 2009ರಲ್ಲಿ ಅದೇ ಕೈಗಾದ ಕುಡಿಯುವ ನೀರಿನ ಕೂಲರಿಗೆ ವಿಕಿರಣದ ಟ್ರಿಟಿಯಂ ಸೇರಿದ್ದನ್ನೂ ಭಾವ ಹೇಳಿದ್ರಾ?

ಶೆಟ್ರು: ಅದು ಒಳಗಿನವ ಯಾರೋ ಮಾಡಿದ ಕಿತಾಪತಿ.

ಟೀಚರ್: ಒಳಗಿನವ ಅಂದ್ರೆ ಸಮಾಧಾನವಾ?

ಕೊನೆಮನೆ: [ಫಾರ್ವರ್ಡ್] ಖಾಲಿ ಹೊಟ್ಟೆಗೆ ಕರಿಬೇವು ತಿಂದರೆ ಆಗುವ ಲಾಭಗಳು...

ಅಡ್ಮಿನ್: ಫಾರ್ವರ್ಡ್ ಬೇಡ ಅಂತ ಎಷ್ಟು ಸಲ ಹೇಳುವುದು?

ಬಾವಿಕಟ್ಟೆ ಮನೆ, 7:40: ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಕೆಲಸ ಶುರುವಾದದ್ದು 2002ರಲ್ಲಿ, ಗ್ರಿಡ್ಡಿಗೆ ಕರೆಂಟ್ ಹತ್ತಿದ್ದು 2013ರಲ್ಲಿ. ಚೀಮೇನಿ ಆಗುವವರೆಗೆ ಅಮ್ಮ ಕಾರಲ್ಲೇ ಇರ್ಬೇಕಾ? ಲೈನ್‌ಮ್ಯಾನ್ ಈಗ ಬಂದು ನೋಡಿದ. ತೆಂಗಿನ ಗರಿ ಅಡ್ಡ ಬಿದ್ದು ಎರಡು ತಂತಿ ತಾಗಿ ಫ್ಯೂಸ್ ಹೋದದ್ದು. ಯಾರ ಮರ ಅಂತ ನಾನು ಹೇಳುವುದಿಲ್ಲ.

ರಿಕ್ಷಾ ಅಣ್ಣ: ಮೇಲಿನಮನೆದ್ದು.

ಶೆಟ್ರು: ನನ್ನ ಮರ ಮೊದಲೇ ಇತ್ತು, ಆಮೇಲೆ ತಂತಿ ಎಳೆದದ್ದು ಕರೆಂಟಿನವರು. ಕಂಬ ಬದಲಿಸ್ಲಿ.

ಅಡ್ಮಿನ್: ಅರ್ಜಿ ಆಮೇಲೆ ಬರೆಯುವ. ಮರ ಹತ್ತುವವ ಸಿಕ್ತಾನಾ?

ರಿಕ್ಷಾ ಅಣ್ಣ: ಒಬ್ಬ ಇದ್ದಾನೆ. ಆದಿತ್ಯವಾರ ಕರ್ಕೊಂಡು ಬರ್ತೇನೆ.

ಕೊನೆಮನೆ: ನಮ್ಮದು 6 ಮರ ಬರ್ಕೊಳ್ಳಿ. ಕಾಯಿ ಒಣಗಿ ತಲೆ ಮೇಲೆ ಬೀಳುವ ಹಾಗುಂಟು.

ಟೀಚರ್: ನಮ್ಮದು 2. ಮರಕ್ಕೆ ಒಂದು ಕಾಯಿ ಅವನಿಗೆ ಅಂತಾನೆ, ಮೊದಲೇ ಮಾತಾಡಿ.

ಬಾವಿಕಟ್ಟೆ ಮನೆ: ಅರ್ಜಿ?

ಶೆಟ್ರು: ಮರ ಹತ್ತುವವನನ್ನು ಮೊದಲು ನನ್ನಲ್ಲಿಗೆ ಕಳಿಸಿ. ಕೂಲಿ ಗುಂಪಿನ ಫಂಡಿನಿಂದ ಅಲ್ವಾ?

ಅಡ್ಮಿನ್: ಫಂಡ್ ಇರುವುದು ಬೀದಿದೀಪಕ್ಕೆ ಶೆಟ್ರೇ.