ಅಪ್‌ಡೇಟ್: ನನ್ನ ಪೂಜೆಯನ್ನೂ ನನ್ನನ್ನೂ ಒಪ್ಪುವ ಥೆರಪಿಸ್ಟ್ ಸಿಕ್ಕರು

ಮೂರು ವಾರದ ಹಿಂದೆ ಇಲ್ಲೇ ಕೇಳಿದ್ದೆ: ನಾನು ಗೇ, ದಿನಾ ಇಷ್ಟಲಿಂಗ ಪೂಜೆ ಮಾಡುವವನೂ ಹೌದು. ಒಬ್ಬ ಕೌನ್ಸೆಲರ್ "ಮದುವೆಯಾದ್ರೆ ಸರಿಹೋಗುತ್ತೆ" ಅಂದ್ರು, ಇನ್ನೊಬ್ಬರು "ಧರ್ಮ ಬಿಟ್ಬಿಡಿ, ಹಗುರ ಆಗ್ತೀರ" ಅಂದ್ರು. ಬೆಂಗಳೂರಲ್ಲಿ ಎರಡನ್ನೂ ಗೌರವಿಸುವವರು ಇದ್ದಾರಾ ಅಂತ.

ಸಿಕ್ಕರು!

ಆ್ಯಪ್‌ಗಳಲ್ಲಿ ಹುಡುಕಿದ್ದು ಉಪಯೋಗಕ್ಕೆ ಬರಲಿಲ್ಲ, ಎಲ್ಲರ ಪ್ರೊಫೈಲಲ್ಲೂ ಒಂದೇ ಥರದ ಮಾತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದಾಗ ಕನ್ನಡದಲ್ಲೇ ಮಾತಾಡಿದರು, ಆ ಒಂದು ರಾತ್ರಿಗೆ ದೊಡ್ಡ ಆಸರೆ. ನಿಜವಾಗಿ ಕೈಹಿಡಿದದ್ದು "ಫೀಸು ಕಟ್ಟುವ ಮೊದಲೇ ಫೋನಲ್ಲಿ ನೇರವಾಗಿ ಕೇಳಿ" ಅಂದವರ ಸಲಹೆ. ಹಾಗೆ ಕೇಳಿದಾಗ ಇಬ್ಬರು ಥೆರಪಿಸ್ಟ್‌ಗಳು ತಡವರಿಸಿದರು. ಮೂರನೆಯವರು, "ಗೇ ಆಗಿರೋದು ಕಾಯಿಲೆ ಅಲ್ಲ. ಇಷ್ಟಲಿಂಗದ ಬಗ್ಗೆ ನಂಗೆ ಜಾಸ್ತಿ ಗೊತ್ತಿಲ್ಲ, ನೀವೇ ಹೇಳಿ" ಅಂದ್ರು.

ಮೊದಲ ದಿನ ಮಾತಾಡ್ತಾ ಮಾತಾಡ್ತಾ ನನ್ನ ಕೈ ಅಂಗಿಯೊಳಗೆ ಇಷ್ಟಲಿಂಗ ಇಟ್ಟುಕೊಳ್ಳುವ ಕರಡಿಗೆಗೆ ಹೋಯ್ತು. ಅವರು ನೋಡಿ, "ಹಿಡ್ಕೊಂಡೇ ಮಾತಾಡಿ, ಪರವಾಗಿಲ್ಲ" ಅಂದ್ರು. ಅತ್ತುಬಿಟ್ಟೆ.

ಹೊಸದಾಗಿ ತಿಳಿದದ್ದು: ಸಲಿಂಗಿಗಳನ್ನು 'ಬದಲಾಯಿಸುವ' ಚಿಕಿತ್ಸೆ ವೈದ್ಯರ ಪಾಲಿಗೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಯಾರಾದರೂ ವೈದ್ಯರು ಹಾಗೆ ಮಾಡ್ತೀವಿ ಅಂದರೆ ದಯವಿಟ್ಟು ಎದ್ದು ಬನ್ನಿ.

ಮುಂದಿನ ಸೆಷನ್ ಗುರುವಾರ. ಉತ್ತರ ಕೊಟ್ಟ ಎಲ್ಲರಿಗೂ ಶರಣು.